ಸರಪಳಿಯಿಲ್ಲದೆ ಬೆಟ್ಟ ಹತ್ತಿದ ಕಾಲ್ಗುಣ

ವೆಲಿಕಾ ಬೆಳಗ್ಗೆ ಎದ್ದ ಕೂಡಲೇ ಮಾಡುವ ಕೆಲಸ ಎರಡು. ಮೊದಲನೆಯದು, ದೇವಮಾತೆಯ ಪಟದ ಮುಂದಿನ ದೀಪಕ್ಕೆ ಎಣ್ಣೆ ಹಾಕಿ ಹಚ್ಚಿ, ಶಿಲುಬೆಯ ಗುರುತು ಮಾಡಿಕೊಂಡು ಒಂದು ನಿಮಿಷ ಕಣ್ಣು ಮುಚ್ಚಿ ನಿಲ್ಲುವುದು. ಎರಡನೆಯದು, ಕಣ್ಣು ತೆರೆದವಳೇ ಅಡುಗೆಮನೆಯ ಕಿಟಕಿಯ ಪರದೆಯನ್ನು ಎರಡು ಬೆರಳಿನಷ್ಟು ಸರಿಸಿ ಎದುರು ಕಟ್ಟಡದ ಬಾಲ್ಕನಿಯನ್ನು ನೋಡುವುದು. ಅಲ್ಲಿ ಇರುವವಳು ನೆವೆನಾ, ಅವಳ ವಾರಗಿತ್ತಿ, ಗಂಡನ ತಮ್ಮನ ಹೆಂಡತಿ. ಜ್ವರ ಬರಲಿ, ಮನೆಗೆ ನೆಂಟರು ಬರಲಿ, ವೆಲಿಕಾ ಈ ಎರಡರಲ್ಲಿ ಒಂದನ್ನೂ ತಪ್ಪಿಸಿದವಳಲ್ಲ. ದೇವರ ದೀಪ ಒಮ್ಮೊಮ್ಮೆ ಗಾಳಿಗೆ ಆರಿದ್ದುಂಟು. ಹೊಟ್ಟೆಯೊಳಗಿನ ಉರಿ ಮಾತ್ರ ಒಂದು ದಿನವೂ ಆರಿದ್ದಿಲ್ಲ!

ನೆವೆನಾ ಒಣಹಾಕಿದ ಹಾಸುಬಟ್ಟೆ ತನ್ನದಕ್ಕಿಂತ ಬೆಳ್ಳಗಿದೆಯೇ? ಅವಳು ಪೋಣಿಸಿ ತೂಗುಹಾಕಿದ ಕೆಂಪು ಮೆಣಸಿನಕಾಯಿ ಸರ ತನ್ನದಕ್ಕಿಂತ ಉದ್ದವಿದೆಯೇ? ಆಸೆನೋವ್‌ಗ್ರಾದ್ ಊರಿನ ಮದುವಣಗಿತ್ತಿಯರಿಗೆ ಮದುವೆಯ ಉಡುಪು ಹೊಲಿದುಕೊಡುವ ಕೈ ವೆಲಿಕಾಳದು. ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತರೆ ಸಾಕು, ಟೇಪು ಮುಟ್ಟದೆ ಸೊಂಟದ ಅಳತೆ ಹೇಳುತ್ತಿದ್ದಳು. ಅದೇ ಕಣ್ಣಿನಿಂದ ವಾರಗಿತ್ತಿಯ ಅದೃಷ್ಟವನ್ನು ಅಳೆಯುವಾಗ ಮಾತ್ರ ದಿನವೂ ಒಂದು ಗೇಣು ಹೆಚ್ಚಿಗೆ ಬರುತ್ತಿತ್ತು.

ಆದರೆ ಉರಿಯುವ ಹೊಟ್ಟೆಗೆ ತುಪ್ಪ ಸುರಿದದ್ದು ಹಾಸುಬಟ್ಟೆಯೂ ಅಲ್ಲ, ಮೆಣಸಿನಕಾಯಿಯೂ ಅಲ್ಲ. ನೆವೆನಾಳ ಬಲಗಾಲು!

ಅತ್ತೆ ಫಿದಾಂಕಾ ಇರುವುದು ಮೇಲೆ, ರೊಡೋಪಿ ಬೆಟ್ಟದ ಬೋರೊವಾ ಹಳ್ಳಿಯಲ್ಲಿ. ಅಲ್ಲಿ ಡಿಸೆಂಬರಿನಲ್ಲಿ ಬರುವ ಇಗ್ನಾಟ್ ಸಂತನ ಹಬ್ಬ ಎಂದರೆ ಹುಡುಗಾಟವಲ್ಲ. ಆ ಬೆಳಗ್ಗೆ ಹೊರಗಿನಿಂದ ಬಂದು ಹೊಸಿಲೊಳಗೆ ಮೊದಲು ಕಾಲಿಟ್ಟವರು ಒಲೆಯ ಬೆಂಕಿ ಕೆದಕಿ ಕಿಡಿ ಹಾರಿಸಿ, ಕಾವು ಕೂತ ಕೋಳಿಯ ಹಾಗೆ ಒಲೆ ಪಕ್ಕ ಕುಕ್ಕರಿಸಬೇಕು. ಮುಂದಿನ ಇಡೀ ವರ್ಷದ ಕೋಳಿ, ಆಡು, ಆಲೂಗಡ್ಡೆ, ಆರೋಗ್ಯ ಎಲ್ಲವೂ ಅವರ ಕಾಲ್ಗುಣದ ಮೇಲೆ!

ಎರಡು ವರ್ಷದ ಹಿಂದೆ ಮೊದಲು ಕಾಲಿಟ್ಟವಳು ವೆಲಿಕಾ. ಹಿರಿಯ ಸೊಸೆ, ಹಕ್ಕು ಅವಳದೇ. ಆ ವರ್ಷ ನರಿ ಬಂದು ಕೋಳಿಗೂಡನ್ನು ಖಾಲಿ ಮಾಡಿತು, ಆಡು ಹಾಲು ಬತ್ತಿಸಿಕೊಂಡಿತು, ಅತ್ತೆ ಮೆಟ್ಟಿಲಿನಲ್ಲಿ ಜಾರಿ ಮಣಿಕಟ್ಟು ಉಳುಕಿಸಿಕೊಂಡರು. ಕಳೆದ ವರ್ಷ ನೆವೆನಾ ಕಾಲಿಟ್ಟಳು. ಕೋಳಿಗಳು ಜೋಡಿ ಹಳದಿಯ ಮೊಟ್ಟೆ ಇಟ್ಟವು, ಆಡು ಅವಳಿ ಮರಿ ಹಾಕಿತು, ಅತ್ತೆಯ ಮಣಿಕಟ್ಟು ಕೂಡ ನೆಟ್ಟಗಾಯಿತು!

ಅಂದಿನಿಂದ ಪ್ರತಿ ಭಾನುವಾರ ಅತ್ತೆಯ ಫೋನು. "ವೆಲಿಕಾ, ಚೆನ್ನಾಗಿದ್ದೀಯೇನೇ? ನಮ್ಮ ಬಿಳಿ ಕೋಳಿ ನಿನ್ನೆ ಏನ್ ಮೊಟ್ಟೆ ಇಟ್ಟಿತು ಅಂತೀಯಾ! ಎಲ್ಲಾ ನೆವೆನಾ ಕಾಲ್ಗುಣ ಕಣೇ." ವೆಲಿಕಾ ಫೋನಿಟ್ಟ ಮೇಲೆ ಹೊಲಿಗೆ ಯಂತ್ರದ ಸೂಜಿ ಮುರಿಯುವುದು ಮನೆಯವರಿಗೆಲ್ಲ ಅಭ್ಯಾಸವಾಗಿಹೋಗಿತ್ತು. ಸಾಲದ್ದಕ್ಕೆ ಅತ್ತೆ, ಹಿಮದಲ್ಲಿ ಜಾರದ ಹಾಗೆ ಟೈರಿಗೆ ಸುತ್ತುವ ಮಾವನ ಕಾಲದ ಸರಪಳಿಗಳನ್ನು, ಎಣ್ಣೆಬಟ್ಟೆಯ ಚೀಲದ ಸಮೇತ, ತೆಗೆದು ನೆವೆನಾಳ ಕೈಗೆ ಕೊಟ್ಟುಬಿಟ್ಟರು. ಹಿರಿಯ ಸೊಸೆ ಎದುರಿಗೇ ಇದ್ದಳು. "ನಿಂಗ್ಯಾಕಮ್ಮಾ ಅದೆಲ್ಲ?" ಎಂದುಬಿಟ್ಟರು. ನಿಂಗ್ಯಾಕಮ್ಮಾ!

ಆ ದಿನವೇ ವೆಲಿಕಾ ಶಪಥ ಮಾಡಿದಳು. ಸರಪಳಿಯೇ ಬೇಡದ ಗಾಡಿ ತರುತ್ತೇನೆ!

ತಂದಳು ಕೂಡ. ನಿವೃತ್ತ ಅರಣ್ಯಾಧಿಕಾರಿಯೊಬ್ಬರ ಹಳೆಯ ಜೀಪು. ಹಸಿರು ಬಣ್ಣ, ಎತ್ತರದ ಮೈ. ಗೇರಿನ ಪಕ್ಕದಲ್ಲಿ ಇನ್ನೊಂದು ಗಿಡ್ಡ ಕಡ್ಡಿ. ಅದನ್ನು ಎಳೆದರೆ ಮುಂದಿನ ಚಕ್ರ, ಹಿಂದಿನ ಚಕ್ರ, ನಾಲ್ಕೂ ಒಟ್ಟಿಗೆ ಎಳೆಯುತ್ತವೆ. ವೆಲಿಕಾ ಆ ಕಡ್ಡಿಯ ತುದಿಗೆ ಪುಟ್ಟ ಶಿಲುಬೆಯೊಂದನ್ನು ಕಟ್ಟಿದಳು. ಕಟ್ಟಿ, ಗಂಡನನ್ನು ಕರೆದು ಘೋಷಿಸಿದಳು:

"ಈ ಸಲ ಆ ಮನೆ ಹೊಸಿಲು ದಾಟೋ ಮೊದಲ ಕಾಲು ನಂದೇ, ಮೆಟೋಡಿ! ಬೆಟ್ಟ ಅಡ್ಡ ಬಂದ್ರೆ ಬೆಟ್ಟಾನೇ ಪಕ್ಕಕ್ಕೆ ಸರೀಬೇಕು!"

ಮೆಟೋಡಿ ಶಾಲೆಯಲ್ಲಿ ಸಂಗೀತದ ಮೇಷ್ಟ್ರು. ಮನೆಯಲ್ಲಿ ಅವನ ಧ್ವನಿ ಸಾಮಾನ್ಯವಾಗಿ ಕೆಳಗಿನ ಸ್ಥಾಯಿಯಲ್ಲೇ ಇರುತ್ತಿತ್ತು.

"ಸರಪಳಿ ಒಂದು ಜೊತೆ ತಗೊಂಡಿದ್ರೆ ಒಳ್ಳೇದಿತ್ತು..."

"ಸರಪಳಿಯಾ? ಅದು ಎರಡು ಚಕ್ರದಲ್ಲಿ ಏದುಸಿರು ಬಿಡೋ ಬಡಪಾಯಿ ಕಾರಿಗೆ. ನೆವೆನಾ ಕಾರಿಗೆ! ನಾಲ್ಕು ಕಾಲಿರೋ ಆಡು ಸರಪಳಿ ಹಾಕ್ಕೊಂಡು ಬೆಟ್ಟ ಹತ್ತುತ್ತಾ?"

"ಆಡಿಗೆ ಗೊರಸಿರುತ್ತೆ ಕಣೇ."

"ನಿಂಗೆ ನಾಲಿಗೆ ಇದೆ, ಅದೇ ತೊಂದರೆ. ಸುಮ್ನಿರು!"

ಹಬ್ಬದ ದಿನ ಬೆಳಕು ಹರಿಯುತ್ತಿದ್ದಂತೆ ಹೊರಟರು. ಕ್ರಿಸ್ತಜಯಂತಿಗೆ ಮುಂಚಿನ ಉಪವಾಸದ ದಿನಗಳಾದ್ದರಿಂದ ಬೆಣ್ಣೆಯಿಲ್ಲ, ಗಿಣ್ಣಿಲ್ಲ. ವೆಲಿಕಾ ಸಿಹಿಗುಂಬಳ, ಅಕ್ರೋಟು ತುಂಬಿದ ಹಿಟ್ಟಿನ ಸುರುಳಿ ಬೇಯಿಸಿದ್ದಳು. ಆ ಬಿಸಿ ತಟ್ಟೆ ಮೆಟೋಡಿಯ ತೊಡೆಯ ಮೇಲೆ. ಎದುರು ಕಟ್ಟಡದ ಕೆಳಗೆ ನೆವೆನಾಳ ಅಂಗೈಯಗಲದ ಕಾರು ಕಾಣಿಸಲಿಲ್ಲ.

"ಹೊರಟೇಬಿಟ್ಟಿದ್ದಾಳೆ ಮಾಯಗಾತಿ!" ಎಂದು ವೆಲಿಕಾ ಜೀಪಿಗೆ ಒದ್ದಳೋ, ಜೀಪು ಅವಳಿಗೆ ಒದ್ದಿತೋ, ಇಬ್ಬರೂ ಒಟ್ಟಿಗೆ ಹಾರಿದರು.

ಬೆಟ್ಟದ ಬುಡದಲ್ಲಿ ಒಬ್ಬ ಪೊಲೀಸಿನವನು ಕೈ ಅಡ್ಡ ಹಿಡಿದ. ಮೀಸೆಯ ಮೇಲೆ ಹಿಮ ಕೂತಿತ್ತು.

"ಮೇಲೆ ಹಿಮ ಜೋರಾಗಿದೆ. ಸರಪಳಿ ಇದೆಯಾ?"

"ನಾಲ್ಕು ಚಕ್ರ ಇದೆ," ಎಂದಳು ವೆಲಿಕಾ, ರಾಣಿಯ ಹಾಗೆ.

"ಎಲ್ರ ಗಾಡೀಲೂ ನಾಲ್ಕೇ ಇರೋದು, ಮೇಡಂ."

"ನಂದು ನಾಲ್ಕೂ ಎಳೆಯುತ್ತೆ!"

"ಎಳೀಲಿ. ನಿಲ್ಲುತ್ತಾ?"

"ನಿಲ್ಲೋಕೆ ಯಾರ್ರೀ ಹೊರಟಿದ್ದಾರೆ? ಮೊದಲು ತಲುಪೋಕೆ ಹೊರಟಿದ್ದೀವಿ!"

ಅವನು ಬಗ್ಗಿ ಟೈರು ನೋಡಿದ. ಚಳಿಗಾಲದ ಟೈರು, ಹೊಸದು. "ಈ ದೊಡ್ಡ ರಸ್ತೆಗೆ ಸಾಕು. ಹಳ್ಳಿ ದಾರಿಗೆ ತಿರುಗಿದ್ರೆ ಮಾತ್ರ ಬೋರ್ಡ್ ನೋಡ್ಕೊಂಡು ಹೋಗಿ, ಹತ್ತೋದು ಬೇರೆ, ಇಳಿಯೋದು..." ಎನ್ನುತ್ತಿದ್ದ. ಉಳಿದ ಮಾತು ಜೀಪಿನ ಹೊಗೆಯಲ್ಲಿ ಕರಗಿತು.

ಹತ್ತಿತಪ್ಪಾ ಜೀಪು! ಎಂಥ ಹತ್ತುವಿಕೆ! ತಿರುವಿಗೊಂದು ಕಾರು ಪಕ್ಕಕ್ಕೆ ಒರಗಿ ಚಕ್ರ ಗಿರಗಿರ ತಿರುಗಿಸುತ್ತಾ ನಿಂತಿದ್ದರೆ, ವೆಲಿಕಾಳ ಜೀಪು ಗುರ್ ಎನ್ನುತ್ತಾ ದಾಟಿ ಹೋಗುತ್ತಿತ್ತು. ಪ್ರತಿಯೊಂದನ್ನು ದಾಟಿದಾಗಲೂ ಅವಳು "ದೇವರು ಅವರಿಗೆ ಸಹಾಯ ಮಾಡಲಿ" ಎಂದು ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದಳು. ತಾನು ಮಾತ್ರ ಎಲ್ಲೂ ನಿಲ್ಲಲಿಲ್ಲ.

ಬೋರೊವಾಕ್ಕೆ ತಿರುಗುವ ಕಡೆ ಬೋರ್ಡಿತ್ತು. ನೀಲಿ ಬಣ್ಣದ ದುಂಡನೆಯ ಬೋರ್ಡು, ಅದರ ಮೇಲೆ ಸರಪಳಿ ಸುತ್ತಿದ ಚಕ್ರದ ಚಿತ್ರ. ಬೋರ್ಡಿನ ಕೆಳಗೆ, ಹಿಮದಲ್ಲಿ ಮಂಡಿಯೂರಿ, ಎಣ್ಣೆಬಟ್ಟೆಯ ಚೀಲ ಬಿಚ್ಚಿಕೊಂಡು, ನೆವೆನಾ ತನ್ನ ಪುಟ್ಟ ಕಾರಿನ ಚಕ್ರಕ್ಕೆ ಸರಪಳಿ ತೊಡಿಸುತ್ತಿದ್ದಳು! ಬೆರಳುಗಳು ಕೆಂಪಾಗಿದ್ದವು, ಟೋಪಿ ಒಂದು ಕಿವಿಗೆ ಜಾರಿತ್ತು. ಜೀಪು ಕಂಡದ್ದೇ ಎದ್ದು ಎರಡೂ ಕೈ ಎತ್ತಿ ಬೀಸಿದಳು.

"ನಿಲ್ಸು ನಿಲ್ಸು, ಏನೋ ಹೇಳ್ತಿದ್ದಾಳೆ," ಎಂದ ಮೆಟೋಡಿ.

"ಏನ್ ಹೇಳ್ತಾಳೆ? ನಮ್ ಜೀಪು ನೋಡಿ ಹೊಟ್ಟೆಕಿಚ್ಚು ಅವಳಿಗೆ!"

ಯಾರ ಬಾಯಲ್ಲಿ ಯಾವ ಮಾತು! ವೆಲಿಕಾ ಗಾಜು ಇಳಿಸಿ, ಕೈಗವಸಿನ ಕೈಯನ್ನು ಮೆಲ್ಲನೆ ಎಡಕ್ಕೂ ಬಲಕ್ಕೂ ಆಡಿಸಿದಳು. ಪಟ್ಟಾಭಿಷೇಕಕ್ಕೆ ಹೊರಟ ಮಹಾರಾಣಿಯೂ ಅಷ್ಟು ಚೆಂದ ಕೈ ಬೀಸಿರಲಾರಳು. ಹಿಂಬದಿಯ ಕನ್ನಡಿಯಲ್ಲಿ ನೆವೆನಾ ಚಿಕ್ಕವಳಾಗುತ್ತಾ ಚಿಕ್ಕವಳಾಗುತ್ತಾ ಚುಕ್ಕೆಯಾದಳು. ವರ್ಷವಿಡೀ ಇಲ್ಲದ ನೆಮ್ಮದಿ ವೆಲಿಕಾಳ ಎದೆಗೆ ಇಳಿಯಿತು.

ಬೋರೊವಾ ಹಳ್ಳಿಗೆ ಒಂದು ಕೆಟ್ಟ ಗುಣವಿದೆ. ಬೆಟ್ಟದ ನೆತ್ತಿಯವರೆಗೆ ಹತ್ತಿಸಿ, ಆಮೇಲೆ ಹಳ್ಳಿಯನ್ನು ಆಚೆ ಕಡೆಯ ತಗ್ಗಿನಲ್ಲಿಟ್ಟಿದ್ದಾರೆ. ನೆತ್ತಿಯಿಂದ ಒಂದೇ ಇಳಿಜಾರು. ಮೊದಲು ಗುಡಿ, ಆಮೇಲೆ ಅತ್ತೆಯ ಮನೆ, ಅದರ ಕೆಳಗಿನ ತಿರುವಿನಲ್ಲಿ ರಂಗೆಲ್ ಅಜ್ಜನ ಗೊಬ್ಬರದ ತಿಪ್ಪೆ. ಹಿಂದಿನ ದಿನ ಕರಗಿದ ಹಿಮ ರಾತ್ರಿ ಗಟ್ಟಿಯಾಗಿ ಇಡೀ ದಾರಿ ತಟ್ಟೆಯ ಹಾಗೆ ಹೊಳೆಯುತ್ತಿತ್ತು.

ನೆತ್ತಿಯ ಮೇಲೆ ವೆಲಿಕಾ ಉಸಿರು ಬಿಟ್ಟು, "ನೋಡಿದ್ಯಾ? ಸರಪಳಿಯಂತೆ!" ಎಂದಳು.

ಎಂದವಳೇ ಬ್ರೇಕು ಒತ್ತಿದಳು.

ಎಳೆಯುವಾಗ ನಾಲ್ಕೂ ಚಕ್ರಕ್ಕೆ ಒಂದೇ ಮನಸ್ಸಿತ್ತಲ್ಲ, ಜಾರುವಾಗಲೂ ನಾಲ್ಕಕ್ಕೂ ಒಂದೇ ಮನಸ್ಸು! ಜೀಪು ನಿಲ್ಲುವುದಿರಲಿ, ನಿಲ್ಲುವ ಯೋಚನೆಯನ್ನೂ ಮಾಡಲಿಲ್ಲ. ವೆಲಿಕಾ ಗಿಡ್ಡ ಕಡ್ಡಿ ಎಳೆದಳು, ಉದ್ದ ಕಡ್ಡಿ ಎಳೆದಳು, ಕಡೆಗೆ ಕಡ್ಡಿಗೆ ಕಟ್ಟಿದ ಶಿಲುಬೆಯನ್ನೇ ಎಳೆದಳು. ಅದು ಕೈಗೆ ಬಂತು.

"ತಾಯೀ, ಕಾಪಾಡು!"

ಗುಡಿ ದಾಟಿತು. ಜೀಪು ಈಗ ಅಡ್ಡಡ್ಡವಾಗಿ, ನಿಧಾನವಾಗಿ, ಮೆರವಣಿಗೆಯ ಗತ್ತಿನಲ್ಲಿ ಇಳಿಯುತ್ತಿತ್ತು. ಅತ್ತೆ ಫಿದಾಂಕಾ ಮೊರದಲ್ಲಿ ಕಾಳು ಹಿಡಿದು, ಮೊದಲು ಬರುವವರ ಮೇಲೆ ಎರಚಲೆಂದು ತೆರೆದ ಗೇಟಿನ ಒಳಗಡೆ ಕಾಯುತ್ತಿದ್ದರು. ವೆಲಿಕಾಳ ಕಿಟಕಿ ಸರಿಯಾಗಿ ಅವರ ಮುಖದ ಎದುರಿಗೇ ಬಂತು.

"ಅಮ್ಮಾ, ಬಂದೇ!" ಎಂದು ಕೂಗಿದಳು ವೆಲಿಕಾ.

"ಬಂದವಳು ಎಲ್ಲಿಗೆ ಹೋಗ್ತಿದ್ದೀಯೇ?" ಎಂದು ಕೂಗಿದರು ಅತ್ತೆ.

"ಹಬ್ಬದ ಶುಭಾಶಯ, ಅಮ್ಮಾ," ಎಂದ ಮೆಟೋಡಿ ಆಚೆ ಸೀಟಿನಿಂದ, ತಟ್ಟೆ ಅಲುಗದಂತೆ ಹಿಡಿದುಕೊಂಡೇ.

ಅತ್ತೆ ಗಾಬರಿಯಲ್ಲಿ ಒಂದು ಹಿಡಿ ಕಾಳನ್ನು ಜೀಪಿನ ಮೇಲೆಯೇ ಎರಚಿಬಿಟ್ಟರು. ಜೀಪು ಆಶೀರ್ವಾದ ಪಡೆದು ಮುಂದೆ ಹೋಯಿತು. ಹೋಗಿ, ರಂಗೆಲ್ ಅಜ್ಜನ ತಿಪ್ಪೆಯೊಳಗೆ ಮೂತಿ ಹುದುಗಿಸಿ, ಧೊಪ್ಪನೆ ನಿಂತಿತು. ಮೇಲಿನ ಹಿಮ ಸರಿದು ಒಳಗಿನ ಬಿಸಿ ಗೊಬ್ಬರದಿಂದ ಹಬೆ ಎದ್ದಿತು. ಕುಂಬಳದ ಸುರುಳಿಯ ಪರಿಮಳ ಎಲ್ಲಿ ಹೋಯಿತೋ ದೇವರೇ ಬಲ್ಲ.

ಯಾರಿಗೂ ಏಟಾಗಲಿಲ್ಲ. ಆದರೆ ಏಟಿಗಿಂತ ದೊಡ್ಡ ಸಂಕಟ ಎದುರಿಗಿತ್ತು. ಅತ್ತೆಯ ಗೇಟು ಕೂಗಿದರೆ ಕೇಳುವಷ್ಟು ಹತ್ತಿರ, ಮಧ್ಯೆ ಇದ್ದದ್ದು ಗಾಜಿನಂಥ ಇಳಿಜಾರು. ವೆಲಿಕಾ ಜೀಪಿನಿಂದ ಇಳಿದಳು. ಒಂದು ಕಾಲು ಗೊಬ್ಬರದೊಳಗೆ ಮೊಣಕಾಲಿನವರೆಗೆ ಹೋಯಿತು. ಕಿತ್ತುಕೊಂಡು ಹತ್ತಿದಳು. ನಾಲ್ಕು ಹೆಜ್ಜೆ ಮೇಲೆ, ಐದು ಹೆಜ್ಜೆ ಕೆಳಗೆ. ಕೂತು ಹತ್ತಿದಳು, ಅಂಬೆಗಾಲಿಟ್ಟು ಹತ್ತಿದಳು. ಕೊನೆಗೆ ಅವಳೂ ನಾಲ್ಕು ಚಕ್ರದ ಗಾಡಿಯೇ ಆದಳು, ಆದರೂ ಜಾರಿದಳು!

ರಂಗೆಲ್ ಅಜ್ಜ ತನ್ನ ಬಾಗಿಲಿಗೆ ಬಂದು, ಪೈಪು ಕಚ್ಚಿಕೊಂಡು ನೋಡುತ್ತಿದ್ದ.

"ಅಜ್ಜಾ, ಒಂದು ಬುಟ್ಟಿ ಬೂದಿ ಕೊಡು! ದಾರಿಗೆ ಚೆಲ್ಲಿಕೊಂಡು ಹತ್ತಿಬಿಡ್ತೀನಿ!"

ಅಜ್ಜನ ಪೈಪು ಬಾಯಿಂದ ಬೀಳುವುದೊಂದು ಬಾಕಿ. "ಇಗ್ನಾಟ್ ಸಂತನ ದಿನ ಮನೆಯಿಂದ ಬೂದಿ ಹೊರಗೆ ಹಾಕೋದಾ? ಮನೆ ಅದೃಷ್ಟಾನೇ ಬುಟ್ಟೀಲಿ ತುಂಬಿ ಕೊಟ್ಟ ಹಾಗೆ! ನೀನೂ ಬೆಟ್ಟದ ಮನೆ ಸೊಸೆ ಅಲ್ವೇನಮ್ಮಾ?"

"ಹೋಗ್ಲಿ, ಒಂದು ಹಗ್ಗ?"

"ಇವತ್ತು ಸೂಜಿನೂ ಹೊಸಿಲು ದಾಟಲ್ಲ."

"ಅಮ್ಮಾ!" ಎಂದು ವೆಲಿಕಾ ಮೇಲಕ್ಕೆ ಕೂಗಿದಳು. "ನೀವಾದ್ರೂ ಒಂದು ಹಿಡಿ ಬೂದಿ ಎಸೀರಿ!"

"ಬಾಯಿ ಮುಚ್ಚೇ!" ಎಂದರು ಅತ್ತೆ. "ಬೂದಿ ಕೇಳ್ತಾಳೆ ಬೂದಿ! ಆ ವರ್ಷದ ನರಿ ಸಾಲ್ದಾ?"

ವಸ್ತುವೊಂದೂ ಮನೆಗಳಿಂದ ಹೊರಬರಲಿಲ್ಲ. ಸಲಹೆಗೆ ಮಾತ್ರ ನಿಷೇಧವಿರಲಿಲ್ಲ. "ಪಕ್ಕಕ್ಕೆ ತಿರುಗಿ ಹತ್ತು," ಎಂದ ಅಜ್ಜ. "ಬೂಟು ಬಿಚ್ಚಿ ಕಾಲುಚೀಲದಲ್ಲಿ ಹತ್ತು," ಎಂದಳು ಅಜ್ಜನ ಹೆಂಡತಿ. "ಸರಪಳಿ ತಂದಿದ್ರೆ..." ಎಂದು ಶುರು ಮಾಡಿದ ಮೆಟೋಡಿ ಹೆಂಡತಿಯ ಮುಖ ನೋಡಿ, ಅದೇ ಉಸಿರಿನಲ್ಲಿ ಒಂದು ಕೆಮ್ಮು ಕೆಮ್ಮಿದ.

ಆಗ ನೆತ್ತಿಯಿಂದ ಸದ್ದು ಕೇಳಿತು. ಛಣ್ ಛಣ್ ಛಣ್! ಕಾಲಿಗೆ ಗೆಜ್ಜೆ ಕಟ್ಟಿಕೊಂಡ ಮಗುವಿನ ಹಾಗೆ ನೆವೆನಾಳ ಪುಟ್ಟ ಕಾರು ಇಳಿಯುತ್ತಿತ್ತು. ಅವಸರವಿಲ್ಲ, ಅಲುಗಾಟವಿಲ್ಲ. ಗುಡಿಯ ಮುಂದೆ ಒಂದು ಕ್ಷಣ ನಿಂತಿತು ಕೂಡ! ನೆವೆನಾ ಒಳಗೇ ಶಿಲುಬೆಯ ಗುರುತು ಮಾಡಿಕೊಂಡಿರಬೇಕು. ಮತ್ತೆ ಛಣ್ ಛಣ್.

ವೆಲಿಕಾ ಕತ್ತೆತ್ತಿ ಕಾರನ್ನೇ ನೋಡಿದಳು. ಈಗ ಗೇಟಿನ ಮುಂದೆ ನಿಲ್ಲುತ್ತಾಳೆ. ಇಳಿಯುತ್ತಾಳೆ. ಬಲಗಾಲಿಡುತ್ತಾಳೆ. ಇನ್ನೊಂದು ವರ್ಷ ಬಿಳಿ ಕೋಳಿ, ಇನ್ನೊಂದು ವರ್ಷ ಭಾನುವಾರದ ಫೋನು! ಗೊಬ್ಬರದ ಪಕ್ಕ ಕೂತಿದ್ದ ವೆಲಿಕಾ ಮುಖ ಆಚೆ ತಿರುಗಿಸಿದಳು. ಕಣ್ಣಿಗೆ ನೀರು ಬಂದಿತ್ತು. ಹಬೆಯಿಂದ ಎಂದು ತನಗೆ ತಾನೇ ಹೇಳಿಕೊಂಡಳು.

ಆದರೆ ಗೆಜ್ಜೆಯ ಸದ್ದು ಗೇಟಿನ ಬಳಿ ನಿಲ್ಲಲಿಲ್ಲ. ಕೆಳಗೆ ಬಂತು. ಅವಳ ಪಕ್ಕಕ್ಕೇ ಬಂದು, ಮೊಳೆ ಹೊಡೆದ ಹಾಗೆ ನಿಂತಿತು.

"ಅಕ್ಕಾ, ಏಟಾಯ್ತಾ?" ನೆವೆನಾ ಬಾಗಿಲು ತೆರೆದು ಕೈ ಚಾಚಿದಳು. "ಅಲ್ಲಿ ಅಷ್ಟು ಕೈ ಬೀಸಿದ್ನಲ್ಲ, ಇಳಿಜಾರು ಗಾಜಾಗಿದೆ ನಿಲ್ಲು, ಜೀಪು ಇಲ್ಲೇ ಬಿಟ್ಟು ನನ್ ಕಾರಲ್ಲಿ ಬನ್ನಿ ಅಂತ. ನಾಲ್ಕು ಚಕ್ರ ಎಳೆಯೋದು ಹತ್ತೋಕೆ ಚೆನ್ನ ಅಕ್ಕಾ. ನಿಲ್ಲೋಕೆ ಸರಪಳೀನೇ ಬೇಕು."

ವೆಲಿಕಾ ಆ ಕೈ ಹಿಡಿದು ಎದ್ದಳು. ಕೈ ಬೀಸಿದ್ದ ಆ ಕೈಗವಸನ್ನು ಮೆಲ್ಲನೆ ಬಿಚ್ಚಿ ಜೇಬಿಗೆ ತುರುಕಿದಳು.

"ಹತ್ತು ಅಕ್ಕಾ. ಗೇಟಿನವರೆಗೆ ಕರ್ಕೊಂಡು ಹೋಗ್ತೀನಿ. ಭಾವ ಜೀಪಿನ ಹತ್ರ ಇರ್ಲಿ, ಆಮೇಲೆ ಟ್ರ್ಯಾಕ್ಟರ್ ತರಿಸೋಣ. ಇವತ್ತು ನೀನೇ ಮೊದಲು ಒಳಗೆ ಹೋಗು."

"ನಾನಾ?"

"ಹ್ಞೂ, ನೀನೇ! ನಿನ್ ಕಾಲಿಗೆ ಬೀಳ್ತೀನಿ!"

ಕಾರು ಛಣ್ ಛಣ್ ಎಂದು ಹತ್ತತೊಡಗಿತು. ನಡೆಯುವವರಿಗಿಂತ ನಿಧಾನ. ಮಾತಿಗೆ ಬೇಕಾದಷ್ಟು ಹೊತ್ತಿತ್ತು.

"ಅಕ್ಕಾ, ನಿಂಗೆ ಗೊತ್ತಿಲ್ಲ. ಈ ವರ್ಷ ನಾನು ಪಟ್ಟ ಪಾಡು! ಅಮ್ಮ ನಂಗೆ ದಿನಾ ಫೋನ್ ಮಾಡ್ತಾರೆ."

"ದಿನಾನಾ?" ವೆಲಿಕಾಳಿಗೆ ಚುರುಕ್ಕೆಂದಿತು. ತನಗೆ ಭಾನುವಾರ ಮಾತ್ರ!

"ದಿನಾ! ಬಿಳಿ ಕೋಳಿ ಮೊಟ್ಟೆ ಇಡಲಿಲ್ಲ, ನಿನ್ ಕಾಲ್ಗುಣಕ್ಕೆ ಏನಾಯ್ತು ಅಂತ. ಆಡು ಕೆಮ್ಮಿದ್ರೆ ಫೋನು. ನಾನು ಕೆಲಸಕ್ಕೆ ರಜಾ ಹಾಕಿ ಬೆಟ್ಟ ಹತ್ತಿ ಬಂದು, ಕೊಟ್ಟಿಗೆಯೊಳಗೆ ಬಲಗಾಲಿಟ್ಟು, ಮತ್ತೆ ಇಳಿದು ಹೋಗ್ಬೇಕು. ಆಡು ಮರಿ ಹಾಕೋವಾಗ ಅದರ ಎದುರಿಗೆ ಕಾಲು ಚಾಚಿ ಕೂರಿಸಿದ್ರು ಅಕ್ಕಾ, ಸೊಂಟ ಇನ್ನೂ ಸರಿಯಾಗಿಲ್ಲ! ಆಲೂಗಡ್ಡೆ ಸಾಲಿನ ಮೇಲೆ ಬರಿಗಾಲಲ್ಲಿ ನಡೆಸಿದ್ರು. ಈ ಸರಪಳಿ ಯಾಕೆ ಕೊಟ್ರು ಅಂದ್ಕೊಂಡಿದ್ದೀಯಾ? ಹಿಮ ಬಿದ್ರೂ ಬರೋಕೆ ನೆಪ ಇರಬಾರ್ದು ಅಂತ! ಒಂದು ವಾರದಿಂದ ಗುಡೀಲಿ ಮೇಣದಬತ್ತಿ ಹಚ್ಚಿ ಬೇಡ್ಕೋತಿದ್ದೀನಿ, ಈ ಸಲ ಬೇರೆ ಯಾರ ಕಾಲಾದ್ರೂ ಮೊದಲು ಒಳಗೆ ಹೋಗ್ಲಿ ಅಂತ. ನೀನು ಜೀಪಲ್ಲಿ ನನ್ನ ದಾಟಿ ಹೋದ್ಯಲ್ಲ, ಆಗ ನಂಗೆಷ್ಟು ಖುಷಿಯಾಯ್ತು ಗೊತ್ತಾ!"

ವೆಲಿಕಾ ಪಕ್ಕಕ್ಕೆ ತಿರುಗಿ ನೋಡಿದಳು. ವರ್ಷವಿಡೀ ಪರದೆಯ ಸಂದಿಯಿಂದ ಅಳೆದ ಅದೃಷ್ಟ ಈಗ ಪಕ್ಕದ ಸೀಟಿನಲ್ಲಿ ಕೂತು, ಮೂಗು ಸೋರಿಸುತ್ತಾ, ಸೊಂಟ ನೋವು ಎನ್ನುತ್ತಿತ್ತು. ಅಳತೆ ಇಷ್ಟು ತಪ್ಪಿದ್ದು ಅವಳ ಹೊಲಿಗೆಯ ಜನ್ಮದಲ್ಲೇ ಇರಲಿಲ್ಲ. ವೆಲಿಕಾ ಕರವಸ್ತ್ರ ತೆಗೆದು ವಾರಗಿತ್ತಿಯ ಕೈಗೆ ಕೊಟ್ಟಳು.

ಕಾರು ಗೇಟಿನ ಮುಂದೆ ನಿಂತಿತು. ಅತ್ತೆ ಮೊರ ಎತ್ತಿ ಹಿಡಿದು ಒಳಗಿನಿಂದಲೇ ಬಗ್ಗಿ ನೋಡಿದರು.

"ಬಂದ್ರಾ? ಯಾರಾದ್ರೂ ಒಬ್ಬಳು ಬೇಗ ಕಾಲಿಡ್ರೇ! ಆ ಕರಿ ಕೋಳಿ ಮೂರು ದಿನದಿಂದ ಗೂಡಿನ ಕಡೆ ಮುಖಾನೇ ಹಾಕಿಲ್ಲ. ಮೊದಲು ಬಂದವಳು ಅದು ಮೊಟ್ಟೆ ಇಡೋ ತನಕ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿರ್ಬೇಕು! ಸಂಜೆಯಾದ್ರೂ ಸರಿ, ನಾಳೆಯಾದ್ರೂ ಸರಿ!"

ನೆವೆನಾ ವೆಲಿಕಾಳ ಕಡೆಯ ಬಾಗಿಲನ್ನು ತಾನೇ ಬಗ್ಗಿ ತೆರೆದಳು. ಕಣ್ಣಲ್ಲಿ ಜೀವವಿಟ್ಟುಕೊಂಡು ಹೇಳಿದಳು: "ಇಳಿ ಅಕ್ಕಾ. ದೊಡ್ಡವಳು ನೀನು. ಹಕ್ಕು ನಿಂದೇ. ನಾನು ಮನಸಾರೆ ಬಿಟ್ಟುಕೊಡ್ತಿದ್ದೀನಿ."

ವೆಲಿಕಾ ಬಾಗಿಲನ್ನು ಮೆಲ್ಲನೆ ಎಳೆದು ಮುಚ್ಚಿದಳು. ಬಿಚ್ಚಿದ್ದ ಸೀಟಿನ ಬೆಲ್ಟನ್ನು ಮತ್ತೆ ಸಿಕ್ಕಿಸಿ, ಬಿಗಿಯಾಗಿದೆಯೇ ಎಂದು ಎರಡು ಸಲ ಎಳೆದು ನೋಡಿದಳು.

"ಅಯ್ಯೋ, ಬೇಡ ಕಣೇ ನೆವೆನಾ," ಎಂದಳು, ವರ್ಷದಲ್ಲಿ ಮೊದಲ ಬಾರಿಗೆ ವಾರಗಿತ್ತಿಯ ಮೇಲೆ ಅಕ್ಕರೆ ಉಕ್ಕಿ. "ಗೊಬ್ಬರ ಮೆಟ್ಟಿದ ಕಾಲು ನಂದು. ಇಷ್ಟು ಒಳ್ಳೆ ಮನೆಗೆ ಅದು ಮೊದಲು ಹೋಗಬಾರ್ದು. ನೀನೇ ಹೋಗಮ್ಮಾ!"